ಮಳೆಗೆ ಮೊದಲು ಬಂದ ನೆರೆ

ಪುಣೆ
12 ಜೂನ್ 2022

ಪ್ರಿಯ ಸುಖೇಶ್,

ನಾನು ನೀತಾ ಮೇಡಂ. ಗಾಬರಿಯಾಗಬೇಡ, ನಿನ್ನ ಹಳೆಯ ಉತ್ತರಪತ್ರಿಕೆಯನ್ನೇನೂ ಮತ್ತೆ ತೆಗೆದು ನೋಡಿಲ್ಲ. ನೀನು ಸುರತ್ಕಲ್ಲಿನಲ್ಲಿ ಪ್ರೊಫೆಸರ್ ಆದ ಸುದ್ದಿಯನ್ನು ಹಡಪಸರದ ನಿಮ್ಮ ಹೋಟೆಲಿನಲ್ಲಿ ನಿಮ್ಮ ತಂದೆ ಕುಶಲ ಶೆಟ್ಟರು ನೀರುದೋಸೆಯ ಜೊತೆ ಒಂದು ಜಾಮೂನು ಪುಕ್ಕಟೆ ಇಟ್ಟು ಹೇಳಿದರು. ಜಲವಿಜ್ಞಾನದಲ್ಲಿ ಒಮ್ಮೆ ಫೇಲಾದ ಹುಡುಗ ಅದೇ ಜಲವಿಜ್ಞಾನಕ್ಕೆ ಪ್ರೊಫೆಸರ್! ಫೇಲ್ ಮಾಡಿದವಳು ನಾನೇ ಆದ್ದರಿಂದ ಈ ಯಶಸ್ಸಿನಲ್ಲಿ ನನಗೂ ಪಾಲಿದೆ ಎಂದು ವಾದಿಸಿ ಇನ್ನೊಂದು ಜಾಮೂನು ಗಿಟ್ಟಿಸಿದೆ.

ಈಗ ಕೆಲಸದ ಮಾತು. ನಮ್ಮ ಕಾಲೇಜಿನಲ್ಲಿ ಹೊಸ ನಿಯಮ ಬಂದಿದೆ. 2025ರ ಜುಲೈ ಹೊತ್ತಿಗೆ ಪಿಎಚ್‌ಡಿ ಇಲ್ಲದವರು ಪಾಠ ಮಾಡುವಂತಿಲ್ಲ. ಅವರನ್ನೆಲ್ಲ ಅಡ್ಮಿಶನ್ ಆಫೀಸಿಗೆ ಹಾಕುತ್ತಾರಂತೆ. ಕುರ್ಚಿ ಇರುತ್ತದೆ, ಫ್ಯಾನ್ ಇರುತ್ತದೆ, ಪಗಾರವೂ ಇರುತ್ತದೆ. ತರಗತಿ ಮಾತ್ರ ಇರುವುದಿಲ್ಲ. ಮದುವೆ, ಮಗಳು, ಮಾವನವರ ಕಾಯಿಲೆ ಎಂದು ನಾನು ಪಿಎಚ್‌ಡಿಯನ್ನು ಮುಂದೂಡುತ್ತಾ ಬಂದೆ. ಆಮೇಲೆ ಮುಂದೂಡುವುದೇ ರೂಢಿಯಾಯಿತು. ಸುಖೇಶ್, ಬಿದ್ದ ಮಳೆ ಎಷ್ಟು ಹರಿಯಿತು, ಎಷ್ಟು ಇಂಗಿತು ಎಂದು ಹುಡುಗರಿಗೆ ಹೇಳಿಕೊಡುವುದು ಬಿಟ್ಟರೆ ನನಗೆ ಬೇರೆ ಏನೂ ಬರುವುದಿಲ್ಲ. ಬೇರೆ ಏನೂ ಬೇಡ ಕೂಡ.

ನನ್ನ ಹತ್ತಿರ ಸಾಮಗ್ರಿ ಇದೆ. ಭೋಸರಿಯ ಕಾರ್ಖಾನೆಗಳ ಹಿಂದೆ ಒಂದು ಹಳ್ಳ ಹರಿಯುತ್ತದಲ್ಲ, ಅದರ ದಡದಲ್ಲಿ ಮಳೆಮಾಪಕ ಇಟ್ಟು ವರ್ಷಗಳಿಂದ ಅಳೆಯುತ್ತಿದ್ದೇನೆ. ಈಚೆಗೆ ಹಳ್ಳದ ನೀರಿನ ಮಟ್ಟ ಬರೆದುಕೊಳ್ಳುವ ಯಂತ್ರವೂ ಬಂದಿದೆ. ಇಲ್ಲದ್ದು ಗೈಡ್ ಮಾತ್ರ. ಇಲ್ಲಿ ಒಬ್ಬರನ್ನು ಕೇಳಿದೆ, ‘ಈ ವಯಸ್ಸಿನಲ್ಲಿ ಯಾಕೆ ಮೇಡಂ’ ಎಂದರು. ನಮ್ಮ ವಿಭಾಗದ ಮುಖ್ಯಸ್ಥೆ ಪ್ರಾಚಿ ತಾನೇ ಗೈಡ್ ಆಗುತ್ತೇನೆ ಎಂದಳು. ಬೆಳಗ್ಗೆ ಗೈಡು, ಮಧ್ಯಾಹ್ನ ಬಾಸು, ಎರಡನ್ನೂ ಒಬ್ಬಳಿಂದಲೇ ತಡೆದುಕೊಳ್ಳುವ ಶಕ್ತಿ ನನಗಿಲ್ಲ.

ನೀನು ನನ್ನ ಗೈಡ್ ಆಗುತ್ತೀಯಾ?

ಫೋನ್ ಮಾಡಬೇಡ, ಹೀಗೇ ಇಮೇಲಿನಲ್ಲಿ ಬರೆ. ಕಳೆದ ದೀಪಾವಳಿಗೆ ನಾನು ಫೋನ್ ಮಾಡಿದಾಗ ‘ಯೆಸ್ ಮೇಡಂ’ ಬಿಟ್ಟು ಇನ್ನೊಂದು ಮಾತು ನಿನ್ನ ಬಾಯಿಂದ ಬರಲಿಲ್ಲ. ಕುರ್ಚಿ ಸರಿದ ಸಪ್ಪಳವೂ ಕೇಳಿಸಿತು. ಎದ್ದು ನಿಂತಿದ್ದೆ ತಾನೇ?

ನೀತಾ ಹಿರೇಮಠ

*

ಸುರತ್ಕಲ್
15 ಜೂನ್ 2022

ಪೂಜ್ಯ ನೀತಾ ಮೇಡಂ ಅವರಿಗೆ ಸುಖೇಶ್ ಮಾಡುವ ನಮಸ್ಕಾರಗಳು.

ಎದ್ದು ನಿಂತದ್ದು ನಿಜ. ಈ ಪತ್ರವನ್ನೂ ನಿಂತುಕೊಂಡೇ ಓದಿದೆ. ಓದಿದ ಮೇಲೆ ಕೂತುಕೊಳ್ಳಲೇಬೇಕಾಯಿತು.

ಮೇಡಂ, ನಿಮಗೆ ನಾನು ಮಾರ್ಗದರ್ಶನ ಮಾಡುವುದೆಂದರೆ ಏನು? ನನಗೆ ಗೊತ್ತಿರುವುದೆಲ್ಲ ನೀವು ಹೇಳಿಕೊಟ್ಟದ್ದು. ನಿಮ್ಮದನ್ನೇ ನಿಮಗೆ ತಿರುಗಿ ಕೊಡಬೇಕಷ್ಟೆ. ಇನ್ನೊಂದು ತೊಡಕುಂಟು. ಆರಾರು ತಿಂಗಳಿಗೊಮ್ಮೆ ಗೈಡ್ ಆದವನು ‘ಅಭ್ಯರ್ಥಿಯ ನಡತೆ ತೃಪ್ತಿಕರವಾಗಿದೆ’ ಎಂದು ಸಹಿ ಹಾಕಬೇಕು. ನಿಮ್ಮ ನಡತೆಯ ಬಗ್ಗೆ ನಾನು!

ಆದರೂ ನಿಮ್ಮ ತರಗತಿಯನ್ನು ಬೇರೆಯವರು ತೆಗೆದುಕೊಳ್ಳುವುದನ್ನು ಯೋಚಿಸಲಿಕ್ಕೇ ಆಗುವುದಿಲ್ಲ. ಖಂಡಿತ ಆಗುತ್ತೇನೆ. ಒಂದೇ ಷರತ್ತು. ನೀವು ನನ್ನನ್ನು ಯಾವತ್ತೂ ‘ಸರ್’ ಎನ್ನಬಾರದು.

ನಿಮ್ಮ ವಿಧೇಯ ವಿದ್ಯಾರ್ಥಿ,
ಸುಖೇಶ್

*

ಪುಣೆ
20 ಮಾರ್ಚ್ 2023

ಪ್ರಿಯ ಸುಖೇಶ್,

ಕೋರ್ಸ್‌ವರ್ಕ್ ಪರೀಕ್ಷೆಯಲ್ಲಿ ಪಾಸಾದೆ. ಫಲಿತಾಂಶ ನಿನಗೆ ಮೊದಲೇ ಗೊತ್ತಿತ್ತು, ಆದರೂ ನಾನೇ ಬರೆದು ತಿಳಿಸುವ ಖುಷಿಯನ್ನು ಬಿಟ್ಟುಕೊಡಲಾರೆ. ಒಂದು ಪ್ರಶ್ನೆ ಮಾತ್ರ ಉಳಿದಿದೆ. ಪರೀಕ್ಷೆಯ ದಿನ ನೀನು ಮೇಲ್ವಿಚಾರಕನಾಗಿ ಕೋಣೆಗೆ ಬಂದವನು ನನ್ನನ್ನು ನೋಡಿದ ಕೂಡಲೇ ಯಾಕೆ ಓಡಿಹೋದೆ? ನಾನು ಕಾಪಿ ಹೊಡೆಯುತ್ತೇನೆ ಎಂದು ಹೆದರಿದೆಯಾ, ಅಥವಾ ಹೊಡೆದರೆ ಹಿಡಿಯಬೇಕಾಗುತ್ತದೆ ಎಂದು ಹೆದರಿದೆಯಾ?

ನನ್ನ ಪಕ್ಕದ ಹುಡುಗ ನನ್ನನ್ನೇ ಮೇಲ್ವಿಚಾರಕಿ ಎಂದುಕೊಂಡು ‘ಮೇಡಂ, ಪೇಪರ್’ ಎಂದು ಕೈಯೆತ್ತಿದ. ನಾನೂ ಮರೆತು ಎದ್ದು ಹೋಗಿ ತಂದುಕೊಟ್ಟೆ.

ಮನೆಯಲ್ಲಿ ನಮ್ಮ ಅತ್ತೆ ಶಿವಬಸವ್ವನವರಿಗೆ ಇದೊಂದು ತಮಾಷೆಯಾಗಿದೆ. ಮೊನ್ನೆ ನಾನು ಓದುತ್ತಾ ಕೂತಿದ್ದರೆ ಬಂದು, ‘ಯವ್ವಾ, ನಿಂದಿನ್ನೂ ಸಾಲಿ ಮುಗದಿಲ್ಲೇನ? ನಿನ್ನ ಮಗಳದ ಮುಗದು ಆಕಿ ನೌಕರಿಗೆ ಹೊಂಟಾಳ’ ಎಂದರು. ಬೈದರು ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಅವಲಕ್ಕಿ ಒಗ್ಗರಣೆ ಮಾಡಿ ತಂದಿಟ್ಟು, ‘ತಿಂದು ಓದ. ಭಾಳ ಸೊರಗೀದಿ’ ಎಂದರು. ಸುಖೇಶ್, ನನ್ನನ್ನು ಈವರೆಗೆ ಯಾರೂ ಸೊರಗಿದ್ದೇನೆ ಎಂದಿರಲಿಲ್ಲ. ಪಿಎಚ್‌ಡಿಯಿಂದ ಇಷ್ಟಾದರೂ ಲಾಭವಾಯಿತು.

ಇನ್ನು ಬರೆಯಲು ಕೂರುತ್ತೇನೆ.

ನೀತಾ

*

ಸುರತ್ಕಲ್
8 ಸೆಪ್ಟೆಂಬರ್ 2024

ಪೂಜ್ಯ ಮೇಡಂ ಅವರಿಗೆ ನಮಸ್ಕಾರಗಳು.

ಥೀಸಿಸ್ಸಿನ ಮೊದಲ ಮೂರು ಅಧ್ಯಾಯಗಳು ಬಹಳ ಚೆನ್ನಾಗಿವೆ. ಭೋಸರಿಯ ಹಳ್ಳಕ್ಕೆ ಇಷ್ಟು ಗೌರವ ಹಿಂದೆ ಯಾರೂ ಕೊಟ್ಟಿರಲಿಕ್ಕಿಲ್ಲ.

ನಾಲ್ಕನೇ ಅಧ್ಯಾಯವನ್ನು ಎರಡು ಸಲ ಓದಿದೆ. ಮಳೆ ದಾಖಲಾಗುವುದಕ್ಕೆ ಒಂದು ದಿನ ಮೊದಲೇ ಹಳ್ಳದ ನೀರು ಏರುತ್ತದೆ ಎಂದು ತೋರಿಸಿದ್ದೀರಿ. ಮೋಡ ಕಂಡ ಕೂಡಲೇ ಕಾರ್ಖಾನೆಯವರು ಕೂಡಿಟ್ಟ ನೀರನ್ನೆಲ್ಲ ಹಳ್ಳಕ್ಕೆ ಬಿಡುತ್ತಾರೆ, ಹಾಗಾಗಿ ಮಳೆಗೆ ಮೊದಲೇ ನೆರೆ ಬರುತ್ತದೆ ಎಂಬ ನಿಮ್ಮ ವಿವರಣೆ ತುಂಬಾ ಸ್ವಾರಸ್ಯವಾಗಿದೆ. ನನ್ನ ಮಂದಬುದ್ಧಿಗೆ ಒಂದು ವಿಷಯ ಮಾತ್ರ ಸರಿಯಾಗಿ ಹೊಳೆಯಲಿಲ್ಲ. ಮಳೆಗೆ ತಾರೀಖು ಹಾಕುವುದು ಹೇಗೆ ಎಂದು ಸ್ವಲ್ಪ ತಿಳಿಸಿಕೊಟ್ಟರೆ ಉಪಕಾರವಾಗುತ್ತದೆ.

ನಿಮ್ಮ ವಿಧೇಯ,
ಸುಖೇಶ್

*

ಪುಣೆ
11 ಸೆಪ್ಟೆಂಬರ್ 2024

ಪ್ರಿಯ ಸುಖೇಶ್,

ಅಯ್ಯೋ ದೇವರೇ! ಪ್ರೊಫೆಸರ್ ಆದ ಮೇಲೂ ಇದನ್ನು ಕೇಳುತ್ತೀಯಲ್ಲ. ಮೊದಲ ವಾರದ ಪಾಠವಿದು. ನೀನು ಆವತ್ತು ಹೋಟೆಲಿನ ಗಲ್ಲಾದಲ್ಲಿ ಕೂತಿದ್ದಿರಬೇಕು.

ಕೇಳು. ಮಳೆಮಾಪಕವನ್ನು ದಿನಾ ಬೆಳಗ್ಗೆ ಎಂಟೂವರೆಗೆ ನೋಡಬೇಕು. ನಿನ್ನೆ ಎಂಟೂವರೆಯಿಂದ ಇವತ್ತು ಎಂಟೂವರೆಯವರೆಗೆ ಬಿದ್ದದ್ದೆಲ್ಲ ಇವತ್ತಿನ ತಾರೀಖಿಗೆ ಸೇರುತ್ತದೆ. ಸೋಮವಾರ ಸಂಜೆ ಸುರಿದರೂ ಅದು ಮಂಗಳವಾರದ ಮಳೆ. ಇಡೀ ದೇಶಕ್ಕೆ ಇದೇ ಪದ್ಧತಿ. ನಾನು ಒಂದು ದಿನವೂ ಇದನ್ನು ಮುರಿದಿಲ್ಲ.

ಅರ್ಥವಾಗದಿದ್ದರೆ ಸಂಕೋಚ ಬೇಡ, ಮತ್ತೆ ಕೇಳು. ಕೇಳುವ ವಿದ್ಯಾರ್ಥಿಗಳನ್ನು ಕಂಡರೆ ನನಗೆ ಮೊದಲಿನಿಂದಲೂ ಇಷ್ಟ. ಡಿಸೆಂಬರ್ ಮುಗಿಯುವುದರೊಳಗೆ ಥೀಸಿಸ್ ಸಲ್ಲಿಸದಿದ್ದರೆ ಜುಲೈ ಹೊತ್ತಿಗೆ ವೈವಾ ಆಗುವುದಿಲ್ಲ, ಆದ್ದರಿಂದ ನಿನ್ನ ಸಂಶಯಗಳನ್ನು ಬೇಗ ಬೇಗ ಕಳಿಸು.

ನೀತಾ

*

ಸುರತ್ಕಲ್
24 ಸೆಪ್ಟೆಂಬರ್ 2024

ಪೂಜ್ಯ ಮೇಡಂ,

ವಿವರಣೆಗೆ ಅನಂತ ಧನ್ಯವಾದಗಳು. ಈಗ ಮಳೆಯ ವಿಷಯ ಸ್ಪಷ್ಟವಾಯಿತು. ಹಳ್ಳದ ಬದಿಯ ಯಂತ್ರ ಮಾತ್ರ ಮಧ್ಯರಾತ್ರಿಗೆ ತಾರೀಖು ಬದಲಿಸುತ್ತದೆ ಎಂದು ಎಲ್ಲೋ ಓದಿದ ನೆನಪು. ನಾನೇ ತಪ್ಪು ತಿಳಿದಿರಬಹುದು. ತಮಗೆ ಬಿಡುವಾದಾಗ ಈ ಎರಡನ್ನೂ ಪಕ್ಕ ಪಕ್ಕದಲ್ಲಿಟ್ಟು ಒಮ್ಮೆ ನೋಡಿದರೆ ನನಗೂ ಕಲಿಯಲಿಕ್ಕೆ ಸಿಕ್ಕೀತು.

ನಿಮ್ಮ ವಿಧೇಯ,
ಸುಖೇಶ್

*

ಪುಣೆ
28 ಸೆಪ್ಟೆಂಬರ್ 2024

ಪ್ರಿಯ ಸುಖೇಶ್,

ಸರಿಯಾಗಿಯೇ ಓದಿದ್ದೀಯ, ಯಂತ್ರ ಮಧ್ಯರಾತ್ರಿಗೇ ತಾರೀಖು ಬದಲಿಸುತ್ತದೆ. ಶಾಬಾಸ್! ನೋಡು, ಸ್ವಲ್ಪ ಮನಸ್ಸಿಟ್ಟರೆ ನಿನಗೆ ಎಲ್ಲವೂ ಬರುತ್ತದೆ. ಪಕ್ಕ ಪಕ್ಕದಲ್ಲಿಟ್ಟ ಕೋಷ್ಟಕ ನಾಲ್ಕನೇ ಅಧ್ಯಾಯದಲ್ಲೇ ಇದೆ, ಇನ್ನೊಮ್ಮೆ ತಿರುವಿಹಾಕು.

ಆ ಅಧ್ಯಾಯದ ಮೇಲೆ ನನಗೆ ಎಷ್ಟು ಪ್ರೀತಿ ಎಂದು ನಿನಗೆ ಹೇಳಿಲ್ಲ. ಉಳಿದ ಮೂರನ್ನು ಯಾರಾದರೂ ಬರೆಯಬಹುದು. ಮಳೆಗೆ ಮೊದಲು ಬರುವ ನೆರೆಯನ್ನು ಕಂಡುಹಿಡಿದವಳು ನಾನೊಬ್ಬಳೇ! ಪ್ರಾಚಿಗೆ ಹೇಳಿದೆ, ಆಕೆ ಕಣ್ಣು ಅರಳಿಸಿ ‘ಗ್ರೇಟ್’ ಎಂದಳು. ಮುಂದಿನ ವಾರ ಬೈಂಡಿಂಗಿಗೆ ಕೊಡುತ್ತೇನೆ.

ನೀತಾ

*

ಸುರತ್ಕಲ್
30 ಸೆಪ್ಟೆಂಬರ್ 2024

ಪೂಜ್ಯ ಮೇಡಂ,

ಬೈಂಡಿಂಗಿಗೆ ಅಷ್ಟು ಅವಸರ ಬೇಡವೇನೋ ಎಂದು ನನ್ನ ಅನಿಸಿಕೆ. ಇಲ್ಲಿ ಕರಾವಳಿಯಲ್ಲಿ ಸೆಕೆ ಜಾಸ್ತಿ. ಗೋಂದು ಬೇಗ ಬಿಟ್ಟುಕೊಳ್ಳುತ್ತದೆ. ಸ್ವಲ್ಪ ತಡೆದರೆ ಒಳ್ಳೆಯದು.

ನಿಮ್ಮ ವಿಧೇಯ,
ಸುಖೇಶ್

*

ಪುಣೆ
5 ಅಕ್ಟೋಬರ್ 2024

ಪ್ರಿಯ ಸುಖೇಶ್,

ಎಷ್ಟು ದೂರದ ಯೋಚನೆ ನಿನ್ನದು! ಬೈಂಡಿಂಗಿನವನಿಗೆ ಹೇಳಿದೆ, ಗೋಂದು ಬೇಡ, ದಾರದಲ್ಲಿ ಹೊಲಿ ಎಂದು. ಇನ್ನು ಚಿಂತೆ ಇಲ್ಲ. ರಟ್ಟಿಗೆ ಕಡುನೀಲಿ ಬಣ್ಣ ಆರಿಸಿದ್ದೇನೆ. ಸೋಮವಾರ ಕೊಡುತ್ತೇನೆ.

ನೀತಾ

*

ಪುಣೆ
6 ಅಕ್ಟೋಬರ್ 2024, ಭಾನುವಾರ

ಸುಖೇಶ್,

ಇವತ್ತು ಮಧ್ಯಾಹ್ನ ನಿಮ್ಮ ಹೋಟೆಲಿಗೆ ಹೋಗಿದ್ದೆ. ಥೀಸಿಸ್ ಮುಗಿಯಿತು, ನಾಳೆ ಬೈಂಡಿಂಗ್ ಎಂದು ಹೇಳಿ ದೋಸೆ ಮುರಿಯುತ್ತಿದ್ದೆ. ನಿಮ್ಮ ತಂದೆ ಗಲ್ಲಾ ಬಿಟ್ಟು ಎದ್ದು ಬಂದರು. ಅವರ ಮಾತನ್ನು ಹಾಗೆಯೇ ಬರೆಯುತ್ತೇನೆ.

‘ಬೇಡ ಮೇಡಂ, ಕೊಡಬೇಡಿ. ನಿಮ್ಮ ನಾಲ್ಕನೇ ಪಾಠದಲ್ಲಿ ಎಂತದೋ ದೊಡ್ಡ ತಪ್ಪುಂಟಂತೆ ಮಾರಾಯ್ರೆ. ಅವ ದಿನಾ ಫೋನಿನಲ್ಲಿ ಒದ್ದಾಡುವುದು. ನೀನೇ ಹೇಳು ಅಂದರೆ, ಮೇಡಂ ಹತ್ರ ತಪ್ಪು ಅಂತ ಹೇಗಪ್ಪ ಹೇಳುವುದು ಅಂತಾನೆ. ಎಂತದೋ ಗೋಂದಿನ ವಿಷಯ ಹೇಳಿದ್ದಾನಂತೆ, ನಿಮಗೆ ಗೊತ್ತಾಗ್ಲಿಲ್ವಾ?’

ನಿಮ್ಮ ತಂದೆಯ ದನಿ ಸಣ್ಣದಲ್ಲ. ಸುತ್ತಲಿನ ಮೇಜಿನವರೆಲ್ಲ ತಿನ್ನುವುದು ನಿಲ್ಲಿಸಿ ನನ್ನನ್ನು ನೋಡಿದರು. ನಾನು ದೋಸೆಯನ್ನು ಅರ್ಧಕ್ಕೇ ಬಿಟ್ಟು ಎದ್ದೆ. ನಿಮ್ಮ ಹೋಟೆಲಿನಲ್ಲಿ ಈ ಕೆಲಸ ನಾನು ಈವರೆಗೆ ಮಾಡಿರಲಿಲ್ಲ.

ತಪ್ಪು ಇರುವುದು ಗೊತ್ತಿದ್ದೂ ನನ್ನನ್ನು ಪರೀಕ್ಷಕರ ಮುಂದೆ ಕಳಿಸುತ್ತಿದ್ದೆಯಾ? ನನ್ನ ತರಗತಿ ಹೋಗುತ್ತದೆ ಎಂದು ಗೊತ್ತಿದ್ದೂ? ನನಗೆ ಕೋಪ ಬಂದಿದೆ, ಅದಕ್ಕಿಂತ ಹೆಚ್ಚು ನೋವಾಗಿದೆ. ಏನು ತಪ್ಪಿದೆಯೋ ಬರೆ. ನಿನ್ನ ಬೇರೆ ವಿದ್ಯಾರ್ಥಿಗಳಿಗೆ ಹೇಗೆ ಬರೆಯುತ್ತೀಯೋ ಹಾಗೆ ಬರೆ. ಪೂಜ್ಯ, ವಿಧೇಯ, ಮಂದಬುದ್ಧಿ, ಇವು ಯಾವುವೂ ಬೇಡ.

ನೀತಾ ಹಿರೇಮಠ

*

ಸುರತ್ಕಲ್
7 ಅಕ್ಟೋಬರ್ 2024

ನೀತಾ ಅವರಿಗೆ,

ನಾಲ್ಕನೇ ಅಧ್ಯಾಯ ತಪ್ಪು.

ಸೋಮವಾರ ಸಂಜೆ ಮಳೆ ಬೀಳುತ್ತದೆ. ಸೋಮವಾರ ಸಂಜೆಯೇ ಹಳ್ಳ ಏರುತ್ತದೆ. ಯಂತ್ರ ಅದನ್ನು ಸೋಮವಾರಕ್ಕೆ ಬರೆಯುತ್ತದೆ. ಮಳೆಯನ್ನು ನೀವು ಮರುದಿನ ಎಂಟೂವರೆಗೆ ಅಳೆದು ಮಂಗಳವಾರಕ್ಕೆ ಬರೆಯುತ್ತೀರಿ. ಎರಡೂ ಪದ್ಧತಿಗಳು ಸರಿ. ಆದರೆ ಎರಡನ್ನೂ ಒಂದೇ ಕೋಷ್ಟಕದಲ್ಲಿ ಹಾಗೆಯೇ ಸೇರಿಸಿದ್ದೀರಿ, ಅದು ತಪ್ಪು. ಮಳೆಗೆ ಮೊದಲು ಯಾವ ನೆರೆಯೂ ಬಂದಿಲ್ಲ. ಕಾರ್ಖಾನೆಯವರು ಈ ವಿಷಯದಲ್ಲಿ ನಿರಪರಾಧಿಗಳು. ಅವರ ಬಗ್ಗೆ ಬರೆದಿರುವುದನ್ನೆಲ್ಲ ತೆಗೆಯಿರಿ.

ಯಂತ್ರದಲ್ಲಿ ಗಂಟೆಗಂಟೆಯ ದಾಖಲೆ ಇದೆ. ಅದನ್ನು ಎಂಟೂವರೆಯಿಂದ ಎಂಟೂವರೆಗೆ ಮತ್ತೆ ಕೂಡಿಸಿ, ಎಲ್ಲ ವರ್ಷಗಳಿಗೂ. ಆಮೇಲೆ ಅಧ್ಯಾಯವನ್ನು ಹೊಸದಾಗಿ ಬರೆಯಿರಿ. ಇದ್ದ ಹಾಗೆ ಸಲ್ಲಿಸಿದರೆ ಯಾವ ಪರೀಕ್ಷಕರೂ ಒಪ್ಪುವುದಿಲ್ಲ. ನಾನು ಪರೀಕ್ಷಕನಾಗಿದ್ದರೂ ಒಪ್ಪುತ್ತಿರಲಿಲ್ಲ.

ಸುಖೇಶ್ ಶೆಟ್ಟಿ
ಮಾರ್ಗದರ್ಶಕ

*

ಸುರತ್ಕಲ್
2 ನವೆಂಬರ್ 2024

ಪೂಜ್ಯ ಮೇಡಂ,

ನಿಮ್ಮಿಂದ ಒಂದು ಸಾಲೂ ಇಲ್ಲ. ದೀಪಾವಳಿಗೂ ಬರೆಯಲಿಲ್ಲ. ನೀವು ಹೋಟೆಲಿಗೂ ಬಂದಿಲ್ಲ ಎಂದು ಅಪ್ಪ ಹೇಳಿದರು. ಅವರು ನಿಮಗೆಂದು ಕಟ್ಟಿಟ್ಟ ಮೈಸೂರುಪಾಕು ಹಾಗೆಯೇ ಉಂಟಂತೆ.

ನಾನು ಆ ಪತ್ರ ಬರೆಯಬಾರದಿತ್ತು. ಬರೆದರೂ ಅಷ್ಟು ಒರಟಾಗಿ ಬರೆಯಬಾರದಿತ್ತು. ‘ಒಪ್ಪುತ್ತಿರಲಿಲ್ಲ’ ಎಂಬ ಸಾಲನ್ನಂತೂ ಬರೆಯಲೇಬಾರದಿತ್ತು. ನಿಮಗೆ ಬೇಸರವಾಗಿದ್ದರೆ ಬೇರೆ ಗೈಡ್ ಆರಿಸಿಕೊಳ್ಳಬಹುದು, ಅದಕ್ಕೆ ಬೇಕಾದ ಪತ್ರ ನಾನೇ ಕೊಡುತ್ತೇನೆ. ಆದರೆ ದಯವಿಟ್ಟು ಕೆಲಸ ನಿಲ್ಲಿಸಬೇಡಿ. ಡಿಸೆಂಬರ್ ಹತ್ತಿರ ಬಂತು.

ನಿಮ್ಮ ಸುಖೇಶ್

*

ಪುಣೆ
4 ನವೆಂಬರ್ 2024

ಪ್ರಿಯ ಸುಖೇಶ್,

ಹುಚ್ಚಪ್ಪ, ಉತ್ತರ ಬರೆಯಲು ಪುರುಸೊತ್ತು ಎಲ್ಲಿತ್ತು? ಎಲ್ಲ ವರ್ಷಗಳನ್ನೂ ಮತ್ತೆ ಕೂಡಿಸು ಎಂದು ಹೇಳಿದವನು ನೀನೇ ಅಲ್ಲವೇ? ದೀಪಾವಳಿಯಲ್ಲಿ ಕರ್ಚಿಕಾಯಿ ಮಾಡಿದ್ದೂ ಅತ್ತೆಯೇ, ದೀಪ ಹಚ್ಚಿದ್ದೂ ಅತ್ತೆಯೇ. ನಾನು ಕಂಪ್ಯೂಟರ್ ಬಿಟ್ಟು ಏಳಲಿಲ್ಲ.

ಸುಳ್ಳು ಹೇಳುವುದಿಲ್ಲ, ಮೊದಲು ನಾನು ಅತ್ತುಬಿಟ್ಟೆ. ನಿನ್ನ ಪತ್ರ ಓದಿ, ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು, ಜಲವಿಜ್ಞಾನದವಳು ಎಂಬುದನ್ನೂ ಮರೆತು ಒಂದು ಬಕೀಟು ನೀರು ಪೋಲು ಮಾಡುತ್ತಾ ಅಳುತ್ತಿದ್ದೆ. ನನ್ನ ಪ್ರೀತಿಯ ಅಧ್ಯಾಯ! ಯಾವ ನಿಯಮವನ್ನು ಎಲ್ಲರಿಗೂ ಕಂಠಪಾಠ ಮಾಡಿಸಿದೆನೋ ಅದೇ ನನ್ನನ್ನು ಕೆಡವಿತು. ಯಂತ್ರ ಬರುವ ಮೊದಲು ನನಗೆ ಇದ್ದದ್ದು ಒಂದೇ ತಾರೀಖು, ಎಂಟೂವರೆಯದು. ಇನ್ನೊಂದು ತಾರೀಖೂ ಇರಬಹುದು ಎಂದು ತಲೆಗೇ ಬರಲಿಲ್ಲ.

ಆಮೇಲೆ ನಿನ್ನ ಹಳೆಯ ಪತ್ರಗಳನ್ನು ಒಂದೊಂದಾಗಿ ಓದಿದೆ. ಮಂದಬುದ್ಧಿ, ಉಪಕಾರ, ಎಲ್ಲೋ ಓದಿದ ನೆನಪು. ಎಲ್ಲವನ್ನೂ ಹೇಳಿದ್ದೀಯ, ನಾನು ಕೇಳಿಸಿಕೊಂಡಿಲ್ಲ. ಶಾಬಾಸ್ ಎಂದು ಬೆನ್ನು ಬೇರೆ ತಟ್ಟಿದ್ದೇನೆ! ಗೋಂದಿನ ಪತ್ರಕ್ಕೆ ಬಂದಾಗ ನಗು ತಡೆಯಲಾಗಲಿಲ್ಲ. ಅತ್ತೆ ಒಳಗಿನಿಂದ, ‘ಏನಾತ ಬೇ? ಈಗ ಅಳಾಕತ್ತಿದ್ದಿ, ಈಗ ನಗತಿ’ ಎಂದು ಓಡಿ ಬಂದರು. ಹೇಳಿದೆ. ಅವರು ಸೆರಗು ಬಾಯಿಗಿಟ್ಟು ನಕ್ಕರು. ನಕ್ಕು ಮುಗಿಸಿ, ‘ನಿನಗ ತಪ್ಪ ಅಂತ ಹೇಳಾಕ ಯಾರಿಗೆ ಧೈರ್ಯ ಐತಿ? ಉಪ್ಪಿಟ್ಟಿಗೆ ಉಪ್ಪ ಹೆಚ್ಚಾದ್ರ ನಾವೂ ಸುಮ್ಮನ ತಿಂತೀವಿ’ ಎಂದರು. ನನ್ನ ಗಂಡ ಶಿವರಾಜ ರಾಂಜಣಗಾಂವದ ಫ್ಯಾಕ್ಟರಿಯ ಸದ್ದಿನಲ್ಲಿ ಇಡೀ ದಿನ ಕಿರುಚುವ ಮನುಷ್ಯ. ಅವರೂ ಪೇಪರ್ ಅಡ್ಡ ಹಿಡಿದು ಹೌದೆಂದು ತಲೆಯಾಡಿಸಿದರು. ಈ ಮಾತು ಮನಸ್ಸಿನಿಂದ ಹೋಗುತ್ತಿಲ್ಲ, ಸುಖೇಶ್.

ಈಗ ಒಳ್ಳೆಯ ಸುದ್ದಿ. ಎಂಟೂವರೆಗೆ ಹೊಂದಿಸಿ ಕೂಡಿಸಿದ ಕೂಡಲೇ ಮಳೆಯೂ ಹಳ್ಳವೂ ಜೊತೆಜೊತೆಯಾಗಿ ಏರತೊಡಗಿದವು. ಯಂತ್ರ ಬಂದ ಮೊದಲ ವರ್ಷವನ್ನು ಈ ವರ್ಷದ ಜೊತೆ ಹೋಲಿಸಿದೆ. ಅಷ್ಟೇ ಮಳೆಗೆ ಹಳ್ಳ ಈಗ ಬೇಗ ಏರುತ್ತದೆ, ಎತ್ತರಕ್ಕೂ ಏರುತ್ತದೆ. ದಡದ ಬಯಲೆಲ್ಲ ಕಾಂಕ್ರೀಟಾಗಿದೆ, ಇಂಗಲು ಜಾಗವಿಲ್ಲ. ಇದು ನಿಜವಾದ ಸಂಗತಿ, ನನ್ನ ಕಲ್ಪನೆಯಲ್ಲ. ಹೊಸ ನಾಲ್ಕನೇ ಅಧ್ಯಾಯ ಇದರ ಜೊತೆ ಕಳಿಸಿದ್ದೇನೆ. ಸರಿಯಾಗಿ ಬೈದು ವಾಪಸ್ ಕಳಿಸು.

ಬೇರೆ ಗೈಡ್ ಎಂಬ ಮಾತು ಇನ್ನೊಮ್ಮೆ ಬಂದರೆ ಕಿವಿ ಹಿಂಡುತ್ತೇನೆ. ಮೈಸೂರುಪಾಕು ತೆಗೆದುಕೊಳ್ಳಲು ನಾಳೆಯೇ ಹೋಗುತ್ತೇನೆ.

ನೀತಾ

*

ಸುರತ್ಕಲ್
9 ನವೆಂಬರ್ 2024

ಪ್ರಿಯ ಮೇಡಂ,

ಓದಿದೆ. ಮೂರನೇ ಪುಟದ ಚಿತ್ರ ತಪ್ಪು, ಅಡ್ಡಗೆರೆಯ ಕೆಳಗೆ ಗಂಟೆಗಳನ್ನು ಬರೆದಿಲ್ಲ. ಕೊನೆಯ ಎರಡು ಪುಟ ಉದ್ದವಾಯಿತು, ಅರ್ಧಕ್ಕೆ ಇಳಿಸಿ. ಉಳಿದದ್ದು ಬಹಳ ಒಳ್ಳೆಯ ಕೆಲಸ. ನನ್ನ ವಿದ್ಯಾರ್ಥಿಗಳಲ್ಲಿ ಈವರೆಗೆ ಯಾರೂ ಇಷ್ಟು ಚೆನ್ನಾಗಿ ಬರೆದಿಲ್ಲ.

ಈ ಪತ್ರವನ್ನು ಕೂತುಕೊಂಡೇ ಬರೆದೆ.

ಸುಖೇಶ್

*

ಸುರತ್ಕಲ್
26 ಮೇ 2025

ಪ್ರಿಯ ಮೇಡಂ,

ನೀವು ಬಸ್ಸು ಹತ್ತಿದ ಮೇಲೆ ಹೇಳಬೇಕಾದ್ದೆಲ್ಲ ನೆನಪಿಗೆ ಬಂತು. ವೈವಾದಲ್ಲಿ ನಾಲ್ಕನೇ ಅಧ್ಯಾಯ ನಿಮ್ಮ ಪ್ರಬಂಧದ ಜೀವಾಳ ಎಂದು ಪರೀಕ್ಷಕರು ಹೊಗಳಿದಾಗ ನೀವು ತಲೆಬಾಗಿಸಿ ಸುಮ್ಮನಿರಬಹುದಿತ್ತು. ‘ಮೊದಲು ಬರೆದದ್ದು ಪೂರ್ತಿ ತಪ್ಪಾಗಿತ್ತು, ನನ್ನ ಗೈಡ್ ಸರ್ ಹಿಡಿದರು’ ಎಂದಿರಿ. ಷರತ್ತು ಮುರಿದಿರಿ ಮೇಡಂ. ಎಲ್ಲರ ಎದುರು ನನ್ನ ಕಣ್ಣು ತುಂಬಿತು, ಕನ್ನಡಕ ಒರೆಸುವ ನೆಪ ಮಾಡಿದೆ.

ಡಾಕ್ಟರ್ ನೀತಾ ಹಿರೇಮಠ ಅವರಿಗೆ ಅಭಿನಂದನೆಗಳು. ಅಪ್ಪ ಹೋಟೆಲಿನ ಹಲಗೆಯ ಮೇಲೆ ನಿಮ್ಮ ಹೆಸರು ಬರೆದು, ಇವತ್ತು ಎಲ್ಲರಿಗೂ ಜಾಮೂನು ಹಂಚಿದರಂತೆ.

ಜುಲೈ ತರಗತಿ ನಿಮಗೇ ಕೊಟ್ಟರೇ? ಕೂಡಲೇ ಬರೆಯಿರಿ.

ಸುಖೇಶ್

*

ಪುಣೆ
18 ಜುಲೈ 2025

ಪ್ರಿಯ ಸುಖೇಶ್,

ಕೊಟ್ಟರು! ಆದೇಶ ಪತ್ರ ಮೊನ್ನೆ ಮೊನ್ನೆ ಕೈಗೆ ಬಂತು, ಅದಕ್ಕೇ ಇಷ್ಟು ತಡ. ಇವತ್ತು ಮೊದಲ ತರಗತಿ ಮುಗಿಸಿ, ಚಹಾ ಕೂಡ ಕುಡಿಯದೆ ನಿನಗೆ ಬರೆಯುತ್ತಿದ್ದೇನೆ.

ನನ್ನ ಹಳೆಯ ಕೋಷ್ಟಕವನ್ನು, ಅದೇ ಮಳೆಗೆ ಮೊದಲು ನೆರೆ ಬರುವುದನ್ನು, ಹಾಗೆಯೇ ಬೋರ್ಡಿನ ಮೇಲೆ ಬರೆದೆ. ಮಳೆಯನ್ನು ಯಾವಾಗ ಅಳೆಯುತ್ತಾರೆ, ಯಂತ್ರ ಯಾವಾಗ ತಾರೀಖು ಬದಲಿಸುತ್ತದೆ, ಎರಡನ್ನೂ ಹೇಳಿದೆ. ಕಾರ್ಖಾನೆಯ ಕಥೆಯನ್ನೂ ರಸವತ್ತಾಗಿ ಹೇಳಿ, ಸರಿಯಾಗಿದೆಯೇ ನೋಡಿ ಎಂದೆ. ಎಲ್ಲರೂ ಬರೆದುಕೊಂಡರು. ಮುಂದಿನ ಬೆಂಚಿನ ಒಬ್ಬ ಪೆನ್ನು ನಿಲ್ಲಿಸಿ ಹುಬ್ಬು ಗಂಟಿಕ್ಕಿದ. ‘ಏನು?’ ಎಂದೆ. ಎದ್ದು ನಿಂತು, ‘ಏನಿಲ್ಲ ಮೇಡಂ, ನನಗೇ ಅರ್ಥ ಆಗಿಲ್ಲ ಅನ್ಸುತ್ತೆ’ ಎಂದು ಇಂಗ್ಲಿಷಿನಲ್ಲಿ ಹೇಳಿ ಕೂತುಬಿಟ್ಟ. ಸುಖೇಶ್, ನೀನೇ ಎದ್ದು ನಿಂತ ಹಾಗಾಯಿತು. ಇಷ್ಟು ವರ್ಷ ಇಂಥ ಎಷ್ಟು ಜನ ನನ್ನೆದುರು ಹೀಗೆ ಕೂತುಬಿಟ್ಟರೋ.

ನಾನು ಬೋರ್ಡು ಅಳಿಸಲಿಲ್ಲ, ಸುಳಿವೂ ಕೊಡಲಿಲ್ಲ. ಕೈಕಟ್ಟಿ ನಿಂತೆ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಹಿಂದಿನ ಬೆಂಚಿನಲ್ಲಿದ್ದ ಒಬ್ಬಳು, ತನುಶ್ರೀ ಎಂದು ಹೆಸರು, ಮೆಲ್ಲಗೆ ಮರಾಠಿಯಲ್ಲಿ, ‘ಮ್ಯಾಡಮ್, ಹೇ ಚುಕಲಂಯ್’ ಎಂದಳು. ಇದು ತಪ್ಪಾಗಿದೆ ಎಂದಳು! ಪಕ್ಕದವಳು ಅವಳ ಮೊಣಕೈ ಜಗ್ಗಿದಳು. ಇಡೀ ತರಗತಿ ನಾನೀಗ ಬಯ್ಯುತ್ತೇನೆ ಎಂದು ಉಸಿರು ಬಿಗಿಹಿಡಿದು ಕೂತಿತು.

‘ಜೋರಾಗಿ ಹೇಳು’ ಎಂದೆ. ಜೋರಾಗಿ ಹೇಳಿದಳು. ಸುಖೇಶ್, ಆಗ ಆದ ಸಂತೋಷ ನನಗೆ ವೈವಾ ದಿನವೂ ಆಗಿರಲಿಲ್ಲ. ಅವಳನ್ನು ಕರೆದು ಸೀಮೆಸುಣ್ಣವನ್ನು ಕೈಗೆ ಕೊಟ್ಟು, ನಾನು ಹೋಗಿ ಹಿಂದಿನ ಬೆಂಚಿನಲ್ಲಿ ಅವಳ ಜಾಗದಲ್ಲಿ ಕೂತೆ.

ನೀತಾ